ಸೊನ್ನೆಯ ಕೆಳಗೆ

ಮಳೆ ಹಿಡಿದು, ಬಿತ್ತನೆ ಮುಗಿದು, ಜನ ಕಳೆ ಕೀಳುವ ಕೆಲಸಕ್ಕೆ ಇಳಿದಿದ್ದರು. ಊರಾಚೆಯ ಹುಲ್ಲುಗಾವಲಿನಲ್ಲಿ ಮಾತ್ರ ಆ ಬೆಳಿಗ್ಗೆ ಬೇರೆ ಕೆಲಸ ನಡೆದಿತ್ತು. ನಾಲ್ಕು ಜನ ಗುಂಡಿ ತೋಡುತ್ತಿದ್ದರು. ತೋಡಿದಷ್ಟೂ ತಳದಲ್ಲಿ ನೀರು ಜಿನುಗಿ, ಮಣ್ಣು ರಾಡಿಯಾಗಿ, ಸಲಿಕೆಗೆ ಅಂಟಿಕೊಳ್ಳುತ್ತಿತ್ತು.

ಗುಂಡಿಯ ಬದಿಯಲ್ಲಿ ಮೂರು ಕರು ಮಲಗಿದ್ದವು. ಎದ್ದು ನಿಲ್ಲುವ ಹಾಗಿರಲಿಲ್ಲ ಎಂಬುದು ದೂರದಿಂದಲೇ ತಿಳಿಯುತ್ತಿತ್ತು.

"ಒತ್ತಿ ನೋಡಮ್ಮ," ಎಂದ ಕರುಗಳ ಒಡೆಯ, ಒಬ್ಬ ಮುದುಕ.

ಜರಡಿ ಎಂದು ಕರೆಸಿಕೊಳ್ಳುವ ಹುಡುಗಿ ಮುಟ್ಟಲಿಲ್ಲ. ಮುದುಕನೇ ಕೂತು, ಒಂದು ಸತ್ತ ಕರುವಿನ ಊದಿದ ತೊಡೆಯ ಮೇಲೆ ಹೆಬ್ಬೆರಳು ಊರಿದ. ಚರ್ಮದ ಕೆಳಗೆ ಒಣ ತರಗೆಲೆ ತುಳಿದ ಹಾಗೆ ಸದ್ದಾಯಿತು. ಮೂಗಿನಿಂದ ಕಪ್ಪು ನೊರೆ ಇಳಿದು ಹುಲ್ಲಿಗೆ ಹತ್ತಿತು. ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡು ತಿರುಗಿದಳು. ಆದರೂ ವಾಸನೆ ನಾಲಿಗೆಯ ಮೇಲೆ ಬಂದು ಕೂತಿತು.

"ಚಪ್ಪೆ ರೋಗ. ಲಸಿಕೆ ಹಾಕಿಸದೆ ಬಿಟ್ಟಿದ್ದರೆ ನನ್ನ ತಪ್ಪು ಅನ್ಕೋತಿದ್ದೆ. ಹಾಕಿಸಿದ್ದೆ. ನಿಮ್ಮ ಚಿಕ್ಕಮ್ಮನ ಉಗ್ರಾಣದಿಂದ ಬಂದ ಔಷಧಿ. ಬರೀ ನೀರು ಚುಚ್ಚಿದ್ರೂ ಇದಕ್ಕಿಂತ ಕೆಟ್ಟದಾಗ್ತಿರಲಿಲ್ಲ."

"ಚಿಕ್ಕಮ್ಮ ನೀರು ಬೆರೆಸೋರಲ್ಲ, ತಾತ."

"ಅದನ್ನ ನಾಳೆ ವಿಚಾರಣೆಗೆ ಬರೋ ಸಾಹೇಬರಿಗೆ ಹೇಳು. ಕರು ಕೇಳಿಸಿಕೊಳ್ಳಲ್ಲ."

ಅವಳಿಗೆ ಜರಡಿ ಎಂದು ಹೆಸರು ಬಿದ್ದದ್ದು ಭಾವನಿಂದ. ಬೇರೆಯವರು ಬರೆದ ಕಂಪ್ಯೂಟರ್ ಪ್ರೋಗ್ರಾಮನ್ನು ಸಾಲು ಸಾಲು ಸೋಸಿ, ಯಂತ್ರದೊಳಗಿನ ಒಂದು ಬೋರ್ಡಿನ ಮೇಲೆ ಸರಿಯಾಗಿ ಓಡಿ ಇನ್ನೊಂದರ ಮೇಲೆ ಎಡವುವ ದೋಷಗಳನ್ನು ಹೆಕ್ಕುವುದು ಅವಳ ಕೆಲಸ. ಈ ಸಲ ಅವಳು ಹೆಕ್ಕಬೇಕಿದ್ದದ್ದು ಚಿಕ್ಕಮ್ಮನ ಮಾನ. ನಾಳೆಯೊಳಗೆ ಸಿಗದಿದ್ದರೆ ಚಿಕ್ಕಮ್ಮನ ಕೆಲಸ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಕರು ಕೊಂದವಳು ಎಂಬ ಹೆಸರು ಸಾಯುವ ತನಕ ಉಳಿಯುತ್ತದೆ.

*

ಲಸಿಕೆ ಉಗ್ರಾಣ ಎಂದರೆ ಪಶು ಆಸ್ಪತ್ರೆಯ ಹಿಂಬದಿಯ ಒಂದೇ ಕೋಣೆ. ಎಡಕ್ಕೆ ಲಸಿಕೆಯ ಫ್ರಿಜ್ಜು. ಅದಕ್ಕೆ ತಾಗಿದ ಹಾಗೆ ಮಂಜುಗಡ್ಡೆ ಮಾಡುವ ದೊಡ್ಡ ಫ್ರೀಜರು. ಗೋಡೆಯ ಮೇಲೆ ಹಸಿರು ಅಂಕೆಯ ಪುಟ್ಟ ಯಂತ್ರ, ಈ ವರ್ಷವಷ್ಟೇ ಬಂದ ಹೊಸ ಬೋರ್ಡಿನದು, ಎರಡು ಗಂಟೆಗೊಮ್ಮೆ ಚಳಿ ಅಳೆಯುವಂಥದ್ದು. ಯಂತ್ರದಿಂದ ಹೊರಟ ತಂತಿ ಫ್ರಿಜ್ಜಿನ ಬಾಗಿಲ ಸಂದಿಯಲ್ಲಿ ಒಳಗೆ ಹೋಗುತ್ತದೆ. ಅದರ ತುದಿಯ ಉಕ್ಕಿನ ಕಡ್ಡಿಯನ್ನು ಲಸಿಕೆ ಪೆಟ್ಟಿಗೆಯ ನಡುವಿನ ಸೀಸೆಗೆ ರಬ್ಬರಿನಿಂದ ಬಿಗಿಯುವುದು ಅಲ್ಲಿಯ ಪದ್ಧತಿ. ಫ್ರಿಜ್ಜಿನ ಚಳಿಗಿಂತ ಸೀಸೆಯ ಚಳಿ ಮುಖ್ಯ ಎಂದು ಚಿಕ್ಕಮ್ಮ ಮೊದಲಿನಿಂದಲೂ ಹಾಗೇ ಕಟ್ಟುತ್ತಾಳೆ.

"ನೋಡು," ಎಂದಳು ಚಿಕ್ಕಮ್ಮ, ಗೋಡೆಗೆ ಬೆರಳು ಮಾಡಿ. "ನಾಲ್ಕು. ಎರಡಕ್ಕೂ ಎಂಟಕ್ಕೂ ನಡುವೆ ಇರಬೇಕು ಅಂತ ಪೆಟ್ಟಿಗೆ ಮೇಲೇ ಬರೆದಿದೆ. ಒಂದು ಸಲ ತಪ್ಪಿದ್ರೆ ಕೇಳು. ಯಂತ್ರಕ್ಕಿಂತ ಸಾಕ್ಷಿ ಬೇಕಾ ಅವರಿಗೆ?"

"ತಪ್ಪದೇ ಇರೋದೇ ನನಗೆ ಹಿಡಿಸ್ತಿಲ್ಲ."

"ಹೋಗೇ, ಇವಳೊಬ್ಬಳು. ತಪ್ಪಿದ್ರೂ ತಪ್ಪು, ತಪ್ಪದಿದ್ರೂ ತಪ್ಪು."

ಜರಡಿ ಯಂತ್ರದ ಅಂಕೆಗಳನ್ನು ಹಿಂದಕ್ಕೆ ಓಡಿಸಿ ನೋಡಿದಳು. ಜೀವ ಇರುವ ಫ್ರಿಜ್ಜು ಉಸಿರಾಡುತ್ತದೆ. ಮೋಟರು ಓಡಿದಾಗ ಮೂರಕ್ಕಿಳಿಯುತ್ತದೆ, ನಿಂತಾಗ ಐದಕ್ಕೇರುತ್ತದೆ. ಹೆಚ್ಚಿನ ರಾತ್ರಿಗಳು ಹಾಗೇ ಇದ್ದವು. ಕೆಲವು ರಾತ್ರಿ ಮಾತ್ರ ನಾಲ್ಕು ಎಂದರೆ ನಾಲ್ಕು, ಕಲ್ಲಿನ ಮೇಲೆ ಕೆತ್ತಿದ ಹಾಗೆ, ಬೆಳಗಿನ ತನಕ ಅಲುಗಾಡಿರಲಿಲ್ಲ.

ಉಸಿರು ಹಿಡಿದ ರಾತ್ರಿಗಳು.

ಕಡ್ಡಿ ಕಳಿಸಿದ ಮೂಲ ಅಂಕೆಗಳು ಯಂತ್ರದ ಹೊಟ್ಟೆಯಲ್ಲಿ ಬೇರೆ ಇರುತ್ತವೆ. ಅವನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು ಅವಳು ಫ್ರಿಜ್ಜಿನ ಬಾಗಿಲು ತೆರೆದಳು. ಪೆಟ್ಟಿಗೆ ಅದರ ಜಾಗದಲ್ಲಿತ್ತು, ಕಡ್ಡಿಯೂ ಇತ್ತು. ಆದರೆ ಒಳಗೆ ಔಷಧಿಯ ವಾಸನೆಯ ಜೊತೆ ಇನ್ನೊಂದು ಹಳಸಿದ ಸಿಹಿ ವಾಸನೆ ಬೆರೆತಿತ್ತು. ಕೆಳಗಿನ ತಂತಿ ತಟ್ಟೆಗೆ ಏನೋ ಜಿಡ್ಡು ಮೆತ್ತಿ, ಅದರಲ್ಲಿ ಎರಡು ಇರುವೆ ಸತ್ತು ಅಂಟಿದ್ದವು. ಅವುಗಳ ಪಕ್ಕ ನೆರಿಗೆ ನೆರಿಗೆಯಾದ ಕಾಗದದ ಚೂರು, ಅಂಚಿಗೆ ಗುಲಾಬಿ ಗೆರೆ. ಚೂರನ್ನು ಉಗುರಿನಿಂದ ಎಬ್ಬಿಸಿ ಪರ್ಸಿಗೆ ಹಾಕಿಕೊಂಡಳು.

"ಇದರೊಳಗೆ ಬೇರೆ ಏನಾದ್ರೂ ಇಡ್ತೀಯಾ ಚಿಕ್ಕಮ್ಮ?"

"ನಾನ್ಯಾಕೆ ಇಡಲಿ?" ಎಂದಳು ಚಿಕ್ಕಮ್ಮ, ಬೇರೆಲ್ಲೋ ನೋಡುತ್ತ.

*

ಭಾವನ ಕೆಲಸದ ಕೋಣೆ ಪಂಪ್ ರಿಪೇರಿ ಅಂಗಡಿಯ ಮೇಲೆ. ಮೆಟ್ಟಿಲಿಗೆಲ್ಲ ಗ್ರೀಸು. ಕೋಣೆಯ ಮೂಲೆಯಲ್ಲಿ ಅಕ್ಕನ ಹಳೆಯ ಫ್ರಿಜ್ಜು ಬಾಗಿಲು ತೆರೆದುಕೊಂಡು ನಿಂತಿತ್ತು. ಬೇಸಿಗೆಯಲ್ಲಿ ಸುಟ್ಟುಹೋದದ್ದನ್ನು ಭಾವ ರಿಪೇರಿ ಮಾಡುತ್ತೇನೆಂದು ತಂದು, ತಂತಿ ಸುರುಳಿ ತುಂಬಿಸಿಟ್ಟಿದ್ದ.

ಗೋಡೆಯ ಯಂತ್ರದೊಳಗೆ ಓಡುವ ಪ್ರೋಗ್ರಾಮುಗಳ ಗಂಟು, ಲೈಬ್ರರಿ, ಹುಟ್ಟಿದ್ದು ಈ ಕೋಣೆಯಲ್ಲೇ. ಸಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು, ಎಲ್ಲರಿಗೂ ಬಿಟ್ಟಿ. ಹಾಲು ತೂಗುವ ಯಂತ್ರ, ಪಂಪಿನ ಗಡಿಯಾರ, ಶೀತಲ ಉಗ್ರಾಣ, ಎಲ್ಲ ಅದನ್ನೇ ಎತ್ತಿಕೊಂಡು ಬಳಸುತ್ತಿದ್ದವು. ಊರ ಬಾವಿಯ ಹಾಗೆ. ಸೇದುವವರು ನೂರು ಜನ, ಹೂಳು ತೆಗೆಯಲು ಭಾವ ಮತ್ತು ಜರಡಿ ಇಬ್ಬರೇ.

ಅವಳು ಮಧ್ಯಾಹ್ನದ ತನಕ ಸೋಸಿದಳು. ಚಪ್ಪಲಿಗೆ ಹತ್ತಿದ ಗುಂಡಿಯ ಮಣ್ಣು ಮೇಜಿನ ಕೆಳಗೆ ಒಣಗಿ ನಾರುತ್ತಿತ್ತು. ಕೊನೆಗೆ ಸಿಕ್ಕಿದ್ದು ಒಂದು ಸಣ್ಣ ಜಾಗ. ಕಡ್ಡಿಯಿಂದ ಬಂದ ಅಂಕೆಯನ್ನು ಹಿಡಿದಿಡುವ ಗೂಡು.

ಆ ಗೂಡಿಗೆ ಸಿ ಭಾಷೆಯಲ್ಲಿ 'ಚಾರ್' ಎನ್ನುತ್ತಾರೆ. ಅದರಲ್ಲಿ ಸೊನ್ನೆಗಿಂತ ಕೆಳಗಿನ ಅಂಕೆ ಹಿಡಿಸುತ್ತದೋ ಇಲ್ಲವೋ ಎಂಬುದನ್ನು ಭಾಷೆ ಹೇಳುವುದಿಲ್ಲ. ಬೋರ್ಡು ಮಾಡಿದವರ ಇಷ್ಟಕ್ಕೆ ಬಿಟ್ಟಿದೆ. ಹಳೆಯ ಬೋರ್ಡಿನಲ್ಲಿ ಹಿಡಿಸುತ್ತಿತ್ತು. ಹೊಸದರಲ್ಲಿ ಹಿಡಿಸುವುದಿಲ್ಲ. ಅಲ್ಲಿ ಮೈನಸ್ ಆರು ಬಂದರೆ, ಇನ್ನೂರೈವತ್ತಾರರಿಂದ ಆರು ಕಳೆದು, ಇನ್ನೂರೈವತ್ತು ಎಂದು ಕಾಣುತ್ತದೆ. ಇನ್ನೂರೈವತ್ತು ಡಿಗ್ರಿ ಫ್ರಿಜ್ಜಿನಲ್ಲಿ ಇರಲು ಸಾಧ್ಯವಿಲ್ಲವಲ್ಲ. ಹಾಗಾಗಿ ಲೈಬ್ರರಿ ಅದನ್ನು ಕಸವೆಂದು ಎಸೆದು, ಹಿಂದಿನ ಅಂಕೆಯನ್ನೇ ಮತ್ತೆ ತೋರಿಸುತ್ತದೆ. ಸೊನ್ನೆಗಿಂತ ಕೆಳಗಿಳಿದರೆ ಕಿರುಚು ಎಂದು ಬರೆದ ಸಾಲು ಎಂದೂ ಓಡುವುದೇ ಇಲ್ಲ.

ಇಂಥ ದೋಷ ಅವಳು ಎಷ್ಟೋ ನೋಡಿದ್ದಳು. ಸಿಟ್ಟು ಬರುವಂಥದ್ದಲ್ಲ. ಹೇಸಿಗೆ ಬಂದದ್ದು ಅದರ ಮೇಲಿನ ಸಾಲನ್ನು ಓದಿದಾಗ.

ಬರೆದದ್ದನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಇಂಥ ಕಡೆ ಸುಮ್ಮನಿರುವುದಿಲ್ಲ. ಈ ಹೋಲಿಕೆ ಯಾವಾಗಲೂ ಸುಳ್ಳೇ ಆಗುತ್ತದೆ, ನೋಡಿಕೋ ಎಂದು ಎಚ್ಚರಿಸುತ್ತದೆ. ಎಚ್ಚರಿಸಿಯೂ ಇತ್ತು. ಯಾರೋ ಅದಕ್ಕೆ ಸುಮ್ಮನಿರು ಎಂದು ಆಜ್ಞೆ ಬರೆದಿದ್ದರು. ಆ ಸಾಲಿನ ಜೊತೆ ಭಾವನ ಗುರುತಿತ್ತು.

ಭಾವ ಕಿಟಕಿಯ ಬಳಿ ಬೆಸುಗೆ ಹಾಕುತ್ತ ಕೂತಿದ್ದ. ಅವನ ಮುಂದೆ ಒಬ್ಬ ದೊಡ್ಡ ಗಿರಾಕಿಯ ಶೀತಲ ಉಗ್ರಾಣಕ್ಕೆ ಹೋಗಬೇಕಾದ ಯಂತ್ರವಿತ್ತು. ಅದೇ ಹೊಸ ಬೋರ್ಡು, ಅದೇ ಹಸಿರು ಅಂಕೆ.

"ಭಾವ, ಅದನ್ನ ಸ್ವಲ್ಪ ಕೊಡಿ."

"ಯಾಕೆ?"

"ಆಟ ಆಡ್ತೀನಿ."

ಅವಳು ಕೆಳಗಿನ ಅಂಗಡಿಯಿಂದ ಮಂಜುಗಡ್ಡೆ ತಂದಳು. ಒಂದು ಲೋಟಕ್ಕೆ ಮಂಜಿನ ಚೂರು ಹಾಕಿ ತಂಪಾಗಿಸಿದ ತಣ್ಣೀರು. ಇನ್ನೊಂದಕ್ಕೆ ಪುಡಿ ಮಾಡಿದ ಮಂಜು, ಅದರ ಮೇಲೆ ಎರಡು ಹಿಡಿ ಉಪ್ಪು. ಕೋಣೆಯಲ್ಲಿದ್ದ, ಊರ ಲೈಬ್ರರಿ ಹಾಕಿದ ಇನ್ನೊಂದು ಯಂತ್ರವನ್ನೂ ಗಿರಾಕಿಯ ಯಂತ್ರವನ್ನೂ ಪಕ್ಕಪಕ್ಕ ಇಟ್ಟು, ಎರಡರ ಕಡ್ಡಿಯನ್ನೂ ತಣ್ಣೀರಿಗೆ ಅದ್ದಿ ಗುಂಡಿ ಒತ್ತಿದಳು. ಎರಡರಲ್ಲೂ ನಾಲ್ಕು.

ಆಮೇಲೆ ಕಡ್ಡಿಗಳನ್ನು ಉಪ್ಪಿನ ಮಂಜಿಗೆ ಸಿಕ್ಕಿಸಿ, ಸ್ವಲ್ಪ ಹೊತ್ತು ಬಿಟ್ಟು ಒತ್ತಿದಳು.

ಗಿರಾಕಿಯ ಯಂತ್ರ ಮೈನಸ್ ಆರು ತೋರಿಸಿ ಕಿವಿ ಕಿತ್ತುಹೋಗುವ ಹಾಗೆ ಕಿರುಚಿತು. ಊರ ಯಂತ್ರ ತಣ್ಣಗೆ ನಾಲ್ಕು ತೋರಿಸುತ್ತ ಕೂತಿತ್ತು.

ಭಾವ ಬೆಸುಗೆ ಕಡ್ಡಿಯನ್ನು ಸ್ಟ್ಯಾಂಡಿಗೆ ಇಟ್ಟು, ಕಿರುಚುವುದನ್ನು ಆರಿಸಿದ.

"ನಿಮಗೆ ಗೊತ್ತಿತ್ತು," ಎಂದಳು ಜರಡಿ.

"ಗೊತ್ತಿತ್ತು."

"ಗಿರಾಕಿದು ಸರಿಮಾಡಿದ್ರಿ."

"ಅವನು ಕೇಳ್ದ. ಪರೀಕ್ಷೆ ಮಾಡಿ ನೋಡಿ ವಾಪಸ್ ಕಳಿಸ್ದ. ಮಾಡ್ಕೊಟ್ಟೆ."

"ಒಂದು ಪದ ಭಾವ. ಚಾರ್ ಹಿಂದೆ ಸೈನ್ಡ್ ಅಂತ ಒಂದು ಪದ, ಮೈನಸ್ಸೂ ಹಿಡಿಸೋ ಹಾಗೆ. ಅದನ್ನ ಊರ ಲೈಬ್ರರಿಗೂ ಬರೆಯೋಕೆ ಕೈ ಬರಲಿಲ್ವಾ?"

"ಬರೆದ್ರೆ ಅವನು ನನ್ನ ಹತ್ರ ಯಾಕೆ ಬರ್ತಾನೆ? ಬಿಟ್ಟಿ ಸಿಗೋದನ್ನ ಎತ್ಕೊಂಡು ಹೋಗ್ತಾನೆ." ಭಾವ ಬೆರಳ ತುದಿಗೆ ಅಂಟಿದ ಸೀಸವನ್ನು ಉಜ್ಜಿಕೊಂಡ. "ಇಷ್ಟು ವರ್ಷ ಹೂಳು ತೆಗೆದೆನಲ್ಲ, ಯಾರಾದ್ರೂ ಒಬ್ಬ ಮೇಲೆ ಬಂದು ಊಟ ಆಯ್ತಾ ಅಂತ ಕೇಳಿದ್ದಾನಾ? ಮುಂದಿನ ಸಲ ಹಾಕೋಣ ಅಂತಿದ್ದೆ."

"ಕಂಪೈಲರ್ ಬಾಯಿ ಮುಚ್ಚಿಸಿದ್ದು?"

"ಎಚ್ಚರಿಕೆ ಬಂದ್ರೆ ಇಲಾಖೆಯವರು ಯಂತ್ರ ತಗೋತಿರಲಿಲ್ಲ."

ಅವನು ಇದನ್ನು ನಾಚಿಕೆಯಿಂದ ಹೇಳಿದ್ದರೆ ಅವಳಿಗೆ ಅಷ್ಟು ಅಸಹ್ಯವಾಗುತ್ತಿರಲಿಲ್ಲವೇನೋ. ಮಳೆ ಬಂತು, ಬಟ್ಟೆ ಒಳಗೆ ಹಾಕಿದೆ ಎನ್ನುವ ದನಿಯಲ್ಲಿ ಹೇಳಿದ. ಅವಳಿಗೆ ಮೊದಲ ಪ್ರೋಗ್ರಾಂ ಬರೆಯಲು ಕಲಿಸಿದ್ದು ಇದೇ ದನಿ.

ಮೆಟ್ಟಿಲ ಮೇಲೆ ಬಳೆಯ ಸದ್ದಾಯಿತು. ಅಕ್ಕ ಚಹಾ ತಂದಿದ್ದಳು, ಜೊತೆಗೆ ತಟ್ಟೆಯಲ್ಲಿ ಎರಡು ಪುಟ್ಟ ಕೇಕು. ಮುಂಗೈಗೆಲ್ಲ ಹಿಟ್ಟು.

"ಏನು ಅದು, ಊರೆಲ್ಲ ಎದ್ದು ಕೂರೋ ಹಾಗೆ ಕಿರುಚಿದ್ದು? ನೀವಿಬ್ಬರೇ ಕಿರುಚಾಡಿದ್ರಿ ಅಂದ್ಕೊಂಡೆ." ಅಕ್ಕ ನಕ್ಕಳು. "ತಿನ್ನೇ ಜರಡಿ. ಮದುವೆ ಆರ್ಡರಿಂದು, ಎರಡು ಹೆಚ್ಚಿತ್ತು. ಉಳಿದಿದ್ದೆಲ್ಲ ತಣ್ಣಗೆ ಇಟ್ಟು ಬಂದಿದ್ದೀನಿ, ಸಂಜೆಗೆ ಒಯ್ಯಬೇಕು. ನಿಮ್ಮ ಭಾವನಿಗೆ ನನ್ನ ಫ್ರಿಜ್ಜು ರಿಪೇರಿ ಮಾಡೋಕೆ ಇನ್ನೊಂದು ಜನ್ಮ ಬೇಕು."

ಅವಳು ಬಂದ ಹಾಗೇ ಇಳಿದು ಹೋದಳು. ಅಮ್ಮ ತೀರಿಹೋದ ವರ್ಷ ಶಾಲೆ ಬಿಟ್ಟು ಒಲೆಯ ಮುಂದೆ ನಿಂತವಳು ಅಕ್ಕ. ಇಬ್ಬರಿಗೂ ಸೂರು ಕೊಟ್ಟದ್ದು ಚಿಕ್ಕಮ್ಮ. ಜರಡಿಯ ಓದಿಗೆ ಬೇಯುತ್ತಿದ್ದದ್ದು ಅಕ್ಕನ ಕೇಕು. ಅದನ್ನು ಅಕ್ಕ ಒಂದು ದಿನವೂ ಆಡಿ ತೋರಿಸಿದವಳಲ್ಲ.

ಜರಡಿ ಹಸಿದಿದ್ದಳು. ಕೇಕಿಗೆ ಬಾಯಿ ಹಾಕಿದಳು.

"ನಾಳೆ ವಿಚಾರಣೆಯಲ್ಲಿ ಈ ಎರಡು ಲೋಟ ಇಡ್ತೀನಿ," ಎಂದಳು ಅಗಿಯುತ್ತ. "ಯಂತ್ರ ಕುರುಡು ಅಂತ ತೋರಿಸ್ತೀನಿ. ಚಿಕ್ಕಮ್ಮ ಬಚಾವಾಗ್ತಾಳೆ. ನಿಮ್ಮ ಕಥೆ ನೀವು ನೋಡ್ಕೊಳ್ಳಿ."

ಭಾವ ಚಹಾ ಹೀರಿದ. ಹೀರಿ, ನಿಧಾನವಾಗಿ ಕೇಳಿದ:

"ಕಡ್ಡಿಗಳನ್ನ ಒಂದು ಲೋಟದಿಂದ ಇನ್ನೊಂದಕ್ಕೆ ಹೇಗೆ ಹಾಕ್ದೆ?"

"ಕೈಯಿಂದ ಎತ್ತಿ."

"ಎತ್ತದೆ, ತಣ್ಣೀರಿನ ಲೋಟಾನೇ ಫ್ರಿಜ್ಜಲ್ಲಿಟ್ಟು ಹೆಪ್ಪುಗಟ್ಟಿಸಿದ್ರೆ?"

ಜರಡಿಯ ದವಡೆ ನಿಂತಿತು.

ನೀರು ಒಮ್ಮೆಗೇ ಮಂಜಾಗುವುದಿಲ್ಲ. ನಾಲ್ಕರಿಂದ ಮೂರಕ್ಕೆ, ಎರಡಕ್ಕೆ, ಒಂದಕ್ಕೆ, ಸೊನ್ನೆಗೆ ಇಳಿಯುತ್ತದೆ. ಸೊನ್ನೆಯ ತನಕ ಯಂತ್ರಕ್ಕೆ ಕಣ್ಣಿದೆ. ಎರಡು ಗಂಟೆಗೊಮ್ಮೆ ಅಳೆದರೂ, ಫ್ರಿಜ್ಜು ಮೆಲ್ಲಗೆ ಕೆಟ್ಟಿದ್ದರೆ ಆ ಮೆಟ್ಟಿಲುಗಳನ್ನು ಅದು ತೋರಿಸಬೇಕಿತ್ತು. ಉಸಿರು ಹಿಡಿದ ರಾತ್ರಿಗಳಲ್ಲಿ ಒಂದು ಮೆಟ್ಟಿಲೂ ಇರಲಿಲ್ಲ. ಅವಳು ಪೆನ್ ಡ್ರೈವು ಚುಚ್ಚಿ ಮೂಲ ಅಂಕೆಗಳನ್ನು ತೆರೆದಳು. ನಾಲ್ಕು, ನಾಲ್ಕು, ಇನ್ನೂರ ಮೂವತ್ತೆಂಟು.

ಮೈನಸ್ ಹದಿನೆಂಟು. ಅಷ್ಟು ಚಳಿ ಲಸಿಕೆಯ ಫ್ರಿಜ್ಜಿಗೆ ಬರುವುದಿಲ್ಲ. ಪಕ್ಕದ ಫ್ರೀಜರಿಗೆ ಬರುತ್ತದೆ.

"ಫ್ರಿಜ್ಜು ಕೆಟ್ಟಿಲ್ಲ," ಎಂದ ಭಾವ. "ಪೆಟ್ಟಿಗೆ ಎತ್ತಿ ಫ್ರೀಜರಿಗೆ ಇಟ್ಟಿದ್ದಾರೆ, ಬೆಳಿಗ್ಗೆ ತೆಗೆದಿದ್ದಾರೆ. ಕಡ್ಡಿ ಕಟ್ಟಿದ್ದು ಪೆಟ್ಟಿಗೆಗೇ ಅಲ್ವಾ, ಜೊತೆಗೇ ಹೋಗಿದೆ. ಆ ಲಸಿಕೆ ಒಂದು ಸಲ ಹೆಪ್ಪುಗಟ್ಟಿದ್ರೆ ಮುಗೀತು, ಕರಗಿಸಿದ್ರೂ ಬರೀ ನೀರು. ಉಗ್ರಾಣದ ಬೀಗದ ಕೈ ಯಾರ ಸೊಂಟದಲ್ಲಿದೆ?"

ಅವಳು ಪೆನ್ ಡ್ರೈವು ಕಿತ್ತು ಪರ್ಸಿಗೆ ಹಾಕಿಕೊಂಡಳು.

"ಸರಿಮಾಡು, ಬೇಡ ಅನ್ನಲ್ಲ. ಆದರೆ ಸರಿಮಾಡಿದ ಗಳಿಗೆ ಯಂತ್ರ ಹಳೇದನ್ನೆಲ್ಲ ಕಕ್ಕುತ್ತೆ. ಕಕ್ಕಿದ್ರೆ ಸಿಕ್ಕಿಬೀಳೋದು ನಾನಲ್ಲ, ನಿನ್ನ ಚಿಕ್ಕಮ್ಮ. ನಾನು ಬಾಯಿ ಮುಚ್ಕೊಂಡಿರೋದು ಅವಳಿಗೋಸ್ಕರ ಅಂತಾನೇ ಇಟ್ಕೋ." ಅವನು ಅವಳ ಭುಜ ತಟ್ಟಿದ. "ಕೇಕು ತಿನ್ನು. ಮುಖ ನೋಡು, ಹೇಗಾಗಿದೆ."

ಆ ಕೈ ಭುಜದಿಂದ ಇಳಿಯುವ ತನಕ ಅವಳು ಉಸಿರಾಡಲಿಲ್ಲ. ಇಳಿದ ಮೇಲೆ ಉಸಿರೆಳೆದಾಗ ಬಾಯೊಳಗಿನ ಕ್ರೀಮಿನ ವಾಸನೆ ಮೂಗಿಗೆ ಏರಿತು. ಹಳಸಿರಲಿಲ್ಲ, ತಾಜಾ. ಆದರೂ ಅದೇ ವಾಸನೆ.

ಕೇಕಿನ ಸುತ್ತ ಇದ್ದ ಕಾಗದವನ್ನು ಬಿಡಿಸಿ ಮಡಿಲಲ್ಲಿಟ್ಟುಕೊಂಡಳು. ಪರ್ಸಿನಿಂದ ಚೂರು ತೆಗೆದು ಪಕ್ಕಕ್ಕೆ ಹಿಡಿದಳು. ಅದೇ ನೆರಿಗೆ. ಅಂಚಿಗೆ ಅದೇ ಗುಲಾಬಿ ಗೆರೆ.

ಬಾಯಲ್ಲಿದ್ದದ್ದನ್ನು ಕಿಟಕಿಯಿಂದ ಹೊರಗೆ ಉಗುಳಿ, ಉಪ್ಪು ನೀರಿನಲ್ಲೇ ಬಾಯಿ ಮುಕ್ಕಳಿಸಿದಳು.

ಚಿಕ್ಕಮ್ಮನಿಗೋಸ್ಕರವಂತೆ.

*

ಉಗ್ರಾಣದ ಮುಂದೆ ಸೂಜಿಯವರ ಬೈಕುಗಳು ನಿಂತಿದ್ದವು. ಮರುದಿನದ ಲಸಿಕೆಯನ್ನು ಇವತ್ತೇ ಒಯ್ಯಲು ಬಂದ ಅವರು ಹೆಗಲಿಗೆ ತಂಪು ಚೀಲ ಹಾಕಿಕೊಂಡು ಮಾಡಿನ ಕೆಳಗೆ ಹರಟುತ್ತಿದ್ದರು. ಕರುಗಳಿಗೆ ಲಸಿಕೆ ಚುಚ್ಚುತ್ತ ಊರೂರು ಅಲೆಯುವ ಜನ ಅವರು.

"ಬಾ," ಎಂದಳು ಚಿಕ್ಕಮ್ಮ, ಬಾಗಿಲು ಅರ್ಧ ತೆರೆದು. "ಏನಾದ್ರೂ ಸಿಕ್ಕಿತಾ?"

"ಬಾಗಿಲು ಹಾಕು."

ಜರಡಿ ಗೋಡೆಯ ಯಂತ್ರವನ್ನು ತನ್ನ ಲ್ಯಾಪ್‌ಟಾಪಿಗೆ ಜೋಡಿಸಿದಳು. ಹಸಿರು ಅಂಕೆ ನಾಲ್ಕು ಎನ್ನುತ್ತಿತ್ತು. ಅವಳ ಕೈ ಒಂದು ಗಳಿಗೆ ತಡೆಯಿತು. ನಾಳೆ ಎರಡು ಲೋಟ ಮಾತ್ರ ತೋರಿಸಿದರೆ ಸಾಕಿತ್ತು. ಮೆಟ್ಟಿಲುಗಳ ಲೆಕ್ಕ ಆ ಸಾಹೇಬರಿಗೆ ಹೊಳೆಯುವುದಿಲ್ಲ. ಚಿಕ್ಕಮ್ಮನೂ ಉಳಿಯುತ್ತಾಳೆ, ಅಕ್ಕನೂ ಉಳಿಯುತ್ತಾಳೆ. ಭಾವ ಹೊಸದೊಂದು ಬೋರ್ಡಿಗೆ ಬೆಸುಗೆ ಹಾಕುತ್ತಿರುತ್ತಾನೆ.

ಆ ಕೈಯೇ ಭುಜದ ಮೇಲೆ ಇನ್ನೂ ಇದ್ದ ಹಾಗೆ ಅನಿಸಿತು.

ಸರಿಮಾಡಿದ ಲೈಬ್ರರಿಯನ್ನು ಇಳಿಸಿದಳು. ಯಂತ್ರ ಆರಿ, ಮತ್ತೆ ಹೊತ್ತಿಕೊಂಡಿತು.

ಹಸಿರು ಅಂಕೆ ಕೆಂಪಾಯಿತು. ಮೈನಸ್ ಹದಿನೆಂಟು. ಆಮೇಲೆ ಯಂತ್ರ ಕಿರುಚತೊಡಗಿತು.

ಹಳೆಯದನ್ನು ಕಕ್ಕುತ್ತಿರಲಿಲ್ಲ ಅದು. ಈಗಿನದನ್ನು ಹೇಳುತ್ತಿತ್ತು.

ಜರಡಿ ಫ್ರಿಜ್ಜಿನ ಬಾಗಿಲು ಎಳೆದಳು. ಮೇಲಿನಿಂದ ಕೆಳಗಿನ ತನಕ ತಟ್ಟೆಗಳು, ತಟ್ಟೆಗಳ ತುಂಬ ಗುಲಾಬಿ ಕ್ರೀಮು. ಫ್ರೀಜರಿನ ಮುಚ್ಚಳ ಎತ್ತಿದಳು. ಮಂಜಿನ ನಡುವೆ ಲಸಿಕೆ ಪೆಟ್ಟಿಗೆ, ನಡುವಿನ ಸೀಸೆಗೆ ಬಿಗಿದ ಕಡ್ಡಿ. ಸೀಸೆಗಳೊಳಗೆ ಬಿಳಿ ಗಟ್ಟಿ. ಪಕ್ಕದಲ್ಲಿ, ಯಾವುದೋ ಪರೀಕ್ಷೆಗೆ ಕಳಿಸಲು ಇಟ್ಟ ಸತ್ತ ಕರುವಿನ ಮಾಂಸದ ಪೊಟ್ಟಣ, ಅದರಿಂದ ಇಳಿದು ಹೆಪ್ಪಾದ ಕಪ್ಪು ರಕ್ತ.

"ಅದು ನಾಲ್ಕು ಅಂತಿತ್ತು," ಎಂದಳು ಚಿಕ್ಕಮ್ಮ. ಅವಳ ದನಿ ಆ ಸದ್ದಿನಲ್ಲಿ ಮುಳುಗಿತು, ಮತ್ತೆ ಹೇಳಬೇಕಾಯಿತು. "ಮೊದಲ ಸಲ ನಿಮ್ಮಕ್ಕ ಕೇಕಿಡೋಕೆ ಫ್ರಿಜ್ಜು ಕೇಳಿದಾಗ ಬೇಡ ಅಂದೆ. ಆಮೇಲೆ ಪೆಟ್ಟಿಗೆ ಫ್ರೀಜರಲ್ಲಿಟ್ಟು ಯಂತ್ರ ನೋಡ್ದೆ. ನಾಲ್ಕೇ ತೋರಿಸ್ತು. ಮೇಲ್ಗಡೆ ಅಷ್ಟು ಚಳಿ ಇರಲ್ಲ ಅಂದ್ಕೊಂಡೆ. ಪ್ರತಿ ಸಲ ನೋಡಿ ನೋಡಿ ಇಟ್ಟಿದ್ದೀನಿ. ನೋಡದೆ ಇಟ್ಟಿಲ್ಲ."

"ಸೀಸೆ ಗಟ್ಟಿಯಾಗಿದ್ದು ಕಾಣಲಿಲ್ವಾ?"

"ಬೆಳಿಗ್ಗೆ ನಾನು ಬರೋ ಹೊತ್ತಿಗೆ ಅವಳೇ ತೆಗೆದು ಫ್ರಿಜ್ಜಿಗೆ ಇಟ್ಟಿರ್ತಾಳೆ. ಬೀಗದ ಕೈ ಕೊಟ್ಟಿರ್ತೀನಲ್ಲ."

ಹೊರಗೆ ಹರಟೆ ನಿಂತಿತು. ಯಾರೋ ಬಾಗಿಲು ಬಡಿದರು. "ಅಮ್ಮಾ, ಏನದು ಸದ್ದು?"

ಹಿಂಬಾಗಿಲು ತೆರೆದುಕೊಂಡಿತು. ಅಕ್ಕ ಬಂದಿದ್ದಳು, ತಟ್ಟೆಗಳನ್ನು ಒಯ್ಯಲು. ಕೈಯಲ್ಲಿ ಬೀಗದ ಕೈಗೊಂಚಲು. ಕೆಂಪು ಅಂಕೆ ನೋಡಿದಳು. ತೆರೆದ ಫ್ರೀಜರು ನೋಡಿದಳು. ತಂಗಿಯ ಮುಖ ನೋಡಿದಳು. ಅವಳಿಗೆ ಯಾವುದನ್ನೂ ಬಿಡಿಸಿ ಹೇಳಬೇಕಾಗಲಿಲ್ಲ.

"ಚಳಿ ಹೆಚ್ಚಾದಷ್ಟೂ ಒಳ್ಳೇದು ಅಂದ್ಕೊಂಡಿದ್ದೆ ಕಣೇ," ಎಂದಳು. ಮುಂಗೈಯ ಹಿಟ್ಟು ಒದ್ದೆಯಾಗಿತ್ತು. "ಕರು ಸತ್ತ ಮೇಲೆ ನಿಮ್ಮ ಭಾವನ್ನ ಕೇಳ್ದೆ. ಯಂತ್ರ ನಾಲ್ಕು ಅಂದ್ರೆ ನಾಲ್ಕೇ, ನಿನ್ನ ಕೆಲಸ ನೀನು ಮಾಡು ಅಂದ್ರು."

ಯಾವಾಗ ಕೇಳಿದೆ ಎಂದು ಜರಡಿ ಕೇಳಲಿಲ್ಲ.

ಬಾಗಿಲು ಮತ್ತೆ ಬಡಿಯಿತು, ಈ ಸಲ ಜೋರಾಗಿ. ಯಂತ್ರ ಕಿರುಚುತ್ತಲೇ, ತನ್ನ ಹೊಟ್ಟೆಯಲ್ಲಿದ್ದ ಹಳೆಯ ರಾತ್ರಿಗಳನ್ನು ಒಂದೊಂದಾಗಿ ಪರದೆಗೆ ತರತೊಡಗಿತು. ಕೆಂಪು ಸಾಲುಗಳು. ಕರು ಸತ್ತದ್ದು ಒಂದೇ ಊರಿನಲ್ಲಿ. ಸಾಲುಗಳು ಒಂದೇ ಊರಿಗೆ ನಿಲ್ಲುವ ಹಾಗೆ ಕಾಣಲಿಲ್ಲ. ಈ ಮಳೆಗಾಲಕ್ಕೆಂದು ಸೂಜಿಯವರು ಹೊತ್ತೊಯ್ದ ಪೆಟ್ಟಿಗೆಗಳೆಲ್ಲ ಆ ಕೆಂಪಿನೊಳಗೆ ಬರುತ್ತಿದ್ದವು.

ಅಕ್ಕ ಹತ್ತಿರ ಬಂದಳು. ಅವಳಿಂದ ವೆನಿಲಾ ವಾಸನೆ ಬರುತ್ತಿತ್ತು. ಜರಡಿ ಬಾಲ್ಯವೆಲ್ಲ ಮುಖ ಹುದುಗಿಸಿಕೊಂಡು ಮಲಗಿದ ವಾಸನೆ.

"ಇಷ್ಟು ವರ್ಷ ನಿನ್ನ ಹತ್ರ ಏನನ್ನೂ ಕೇಳಿಲ್ಲ," ಎಂದಳು ಅಕ್ಕ. "ಇವತ್ತು ಕೇಳ್ತೀನಿ. ಅದನ್ನ ಆರಿಸು. ಹಳೇದನ್ನೇ ವಾಪಸ್ ಹಾಕು. ಅವರು ಒಳಗೆ ಬರೋದರೊಳಗೆ."

ಚಿಕ್ಕಮ್ಮ ಫ್ರಿಜ್ಜಿಗೆ ಒರಗಿ ನಿಂತು, ಇಬ್ಬರನ್ನೂ ನೋಡುತ್ತಿದ್ದಳು.

ಲ್ಯಾಪ್‌ಟಾಪು ಜರಡಿಯ ಮುಂದೆಯೇ ಇತ್ತು. ಹಳೆಯ ಲೈಬ್ರರಿಯೂ ಅದರಲ್ಲೇ ಇತ್ತು.

ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಬಾಗಿಲ ಚಿಲಕ ಹೊರಗಿನ ಹೊಡೆತಕ್ಕೆ ಸಡಿಲವಾಗುತ್ತಿತ್ತು.